ಬ್ರೇಕ್ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಬ್ರೇಕ್ ಮೇಷ್ಟ್ರು ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇರಲಿ, ಅವರ ಬಲಗಾಲನ್ನು ಹತ್ತಿರದಿಂದ ಕಂಡವರೇ ಇರಬೇಕು. ಕಲಿಸುವ ಕಾರಿನಲ್ಲಿ ಸ್ಟೇರಿಂಗ್ ಒಂದೇ ಆದರೂ ಪೆಡಲುಗಳು ಎರಡು ಕಡೆ ಇರುತ್ತವೆ. ಕಲಿಯುವವರ ಕಡೆ ಎಲ್ಲ ಕಾರಿನಲ್ಲಿರುವ ಹಾಗೆ ಮೂರು: ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲತುದಿಗೆ ಆಕ್ಸಿಲರೇಟರು. ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಡೆ ಎರಡೇ: ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು. ಓಡಿಸುವ ಉಸಾಬರಿ ಅವರಿಗಿಲ್ಲ, ನಿಲ್ಲಿಸಿದರೆ ಸಾಕು. ಆ ಎರಡು ಪೆಡಲುಗಳ ಮುಂದೆ ಕೂತು ಕೂತು ಅವರ ತಲೆ ನೆರೆತಿತ್ತು. ಊರಿನಲ್ಲಿ ಗೋಡೆಗೆ ಗುದ್ದದೆ ಕಾರು ಕಲಿತ ಮುಕ್ಕಾಲು ಪಾಲು ಜನ ಆ ಬಲಗಾಲಿನ ಋಣದಲ್ಲಿದ್ದರು.

ಕಾಲಿಗೆ ರಜೆ ಅನ್ನುವುದೇ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ನೆಲ ಒತ್ತುತ್ತಿತ್ತು, ಟಿವಿಯಲ್ಲಿ ಒಂದು ಕಾರು ಇನ್ನೊಂದನ್ನು ಅಟ್ಟಿಸಿಕೊಂಡು ಹೋದರೆ ಟೀಪಾಯಿಯನ್ನು ಒದೆಯುತ್ತಿತ್ತು. "ನಮ್ಮನೆಯವರು ನಿದ್ದೇಲೂ ನಾಲ್ಕು ಜೀವ ಉಳಿಸ್ತಾರೆ, ನನ್ನ ಮೊಣಕಾಲೊಂದು ಬಿಟ್ಟು," ಎಂದು ಅವರ ಹೆಂಡತಿ ಬಂದವರೆದುರು ಹೇಳಿ ನಗಿಸುತ್ತಿದ್ದಳು. ಮೇಷ್ಟ್ರೂ ನಗುತ್ತಿದ್ದರು. ಒಳಗೊಳಗೇ ಅವರಿಗೆ ಅದೊಂದು ಹೆಮ್ಮೆ.

ಅಂಥವರ ಹೆಸರಿಗೆ ಕೆಂಪು ಸಿಗ್ನಲ್ ಹಾರಿದ್ದಕ್ಕೆ ನೋಟೀಸು ಬಂತು. ದೀಪದ ಬುಡದಲ್ಲೇ ಕತ್ತಲೆ ಎಂದು ಆಡಿಕೊಳ್ಳುವ ಬಾಯಿಗಳಿಗೆ ಇನ್ನೇನು ಬೇಕು?

ನೋಟೀಸು ಬಂದದ್ದು ಸ್ಕೂಲಿನ ವಿಳಾಸಕ್ಕೆ. ಸ್ಕೂಲಿನ ಮಾಲೀಕ ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿಯ ತಮ್ಮ. ಒಂದು ಮೇಜು, ಗೋಡೆ ತುಂಬ ರಸ್ತೆ ಚಿಹ್ನೆಗಳ ಚಾರ್ಟು, ತಿರುಗಿಸಿ ಅಭ್ಯಾಸ ಮಾಡಲಿ ಎಂದು ಹಲಗೆಗೆ ಬಡಿದ ಒಂದು ಹಳೆಯ ಸ್ಟೇರಿಂಗ್ ಚಕ್ರ, ಇಷ್ಟೇ ಅವನ ಆಫೀಸು. ಮೇಷ್ಟ್ರು ಬಂದ ಕೂಡಲೇ ಅವನು ಬಾಗಿಲು ಮುಂದೆ ಮಾಡಿ, ಲಕೋಟೆಯಿಂದ ಎರಡು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಎರಡೂ ಹಿಂದಿನಿಂದ ತೆಗೆದವು. ಮೊದಲನೆಯದರಲ್ಲಿ ಸ್ಕೂಲಿನ ಕಾರು ಬಿಳಿ ಗೆರೆಯ ಹಿಂದಿದೆ, ಸಿಗ್ನಲ್ಲು ಕೆಂಪು. ಎರಡನೆಯದರಲ್ಲಿ ಕಾರು ಗೆರೆಯನ್ನೂ ಜನ ದಾಟುವ ಪಟ್ಟೆಯನ್ನೂ ದಾಟಿ ಚೌಕದ ನಡುವೆ ನುಗ್ಗಿದೆ, ಸಿಗ್ನಲ್ಲು ಆಗಲೂ ಕೆಂಪು. ಆ ದಿನ ಕಾರಿನಲ್ಲಿ ಕಲಿಯುವವರು ಯಾರೂ ಇರಲಿಲ್ಲ. ಟೈರು ಬದಲಿಸಲು ಮೇಷ್ಟ್ರೊಬ್ಬರೇ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿದ್ದರು.

"ದಂಡ ಕಟ್ಟಿ ಕೈ ತೊಳ್ಕೊಳ್ಳೋಣ ಅನ್ಬೇಡಿ ಭಾವ," ಎಂದ ಮೈದುನ. "ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗೆ. ಕಲಿಸೋರೇ ಕೆಂಪು ಹಾರಿದ್ರೆ ಕಲಿಸೋ ಪರ್ಮಿಟ್ಟು ರದ್ದು. ನಿಮ್ಮ ವಯಸ್ಸಿಗೆ ಇನ್ನೊಂದ್ಸಲ ಕೊಡಲ್ಲ."

"ಗೊತ್ತು ಕಣೋ. ನನಗೇ ಕಾನೂನು ಹೇಳ್ತೀಯಾ?"

"ಗೊತ್ತಿದ್ರೆ ತಕರಾರು ಹಾಕಿ. ಬ್ರೇಕ್ ಹಿಡೀಲಿಲ್ಲ ಅಂತ ನೀವೇ ಹೇಳಿದ್ರಲ್ಲ, ಅದನ್ನೇ ಬರೆಯೋಣ."

ಹೇಳಿದ್ದು ನಿಜ. ಆ ದಿನ ಗ್ಯಾರೇಜಿನಲ್ಲಿ ಇಳಿದಾಗ ಮೈಯೆಲ್ಲ ಬೆವರಿ, ಬ್ರೇಕ್ ಹಿಡೀಲಿಲ್ಲ ಎಂದು ಮೊದಲು ಮೆಕ್ಯಾನಿಕ್ಕಿಗೆ ಹೇಳಿದ್ದರು, ಆಮೇಲೆ ಮೈದುನನಿಗೆ, ಆಮೇಲೆ ಹೆಂಡತಿಗೆ. ಮೆಕ್ಯಾನಿಕ್ಕು ಕಾರಿನಡಿ ಮಲಗಿ, ಚಕ್ರ ಬಿಚ್ಚಿ, ಓಡಿಸಿ ನೋಡಿ, "ಬ್ರೇಕು ಬಂಡೆ ಥರ ಇದೆ ಮೇಷ್ಟ್ರೇ, ನಿಮಗೇನೋ ಭ್ರಮೆ," ಅಂದಿದ್ದ. ಆದರೂ ಮೇಷ್ಟ್ರು ಮಾತು ಬದಲಿಸಿರಲಿಲ್ಲ. ಹೇಳಿ ಹೇಳಿ ಅದು ಅವರಿಗೇ ನಿಜವಾಗಿಬಿಟ್ಟಿತ್ತು.

"ಮೆಕ್ಯಾನಿಕ್ಕು ಬರ್ಕೊಡ್ತಾನೆ. ಬ್ರೇಕ್ ಪೈಪಲ್ಲಿ ಗಾಳಿ ಸೇರಿತ್ತು ಅಂತ. ನಾನು ಮಾತಾಡಿದ್ದೀನಿ."

ಮೇಷ್ಟ್ರು ಎರಡನೆಯ ಫೋಟೋ ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತರು. ಅವರೇ ಪ್ರತಿಯೊಬ್ಬರಿಗೂ ಮೊದಲ ಪಾಠದಲ್ಲಿ ಹೇಳುವ ಮಾತು: ಬ್ರೇಕು ಕಾರನ್ನು ನಿಲ್ಲಿಸಲಿ ಬಿಡಲಿ, ಪೆಡಲು ಮುಟ್ಟಿದರೆ ಸಾಕು, ಹಿಂದಿನ ಕೆಂಪು ದೀಪ ಹತ್ತುತ್ತದೆ. ಫೋಟೋದಲ್ಲಿ ಕಾರಿನ ಹಿಂದಿನ ದೀಪ ಎರಡೂ ಮಂಕಾಗಿದ್ದವು.

"ಲೈಟ್ ಹತ್ತಿಲ್ಲ," ಎಂದರು.

ಮೈದುನ ಬಗ್ಗಿ ನೋಡಿದ. ಅವನು ಜಾಣ, ಒಂದು ಗಳಿಗೆ ಮಾತ್ರ ತಡವರಿಸಿದ. "ಬಲ್ಬು ಸುಟ್ಟಿತ್ತು ಅಂತ ಬರೆಸೋಣ."

"ಎರಡೂ ಬಲ್ಬಾ?"

"ಎರಡೂ. ಒಂದೇ ದಿನ ಹಾಕಿದ ಬಲ್ಬು ಒಂದೇ ದಿನ ಹೋಗ್ತವೆ ಭಾವ, ಗಂಡ ಹೆಂಡ್ತಿ ಥರ." ನಗು ಬರಲಿಲ್ಲವೆಂದು ಕಂಡು ದನಿ ತಗ್ಗಿಸಿದ. "ನೋಡಿ, ಇದರಿಂದ ಯಾರಿಗೂ ನಷ್ಟ ಇಲ್ಲ. ಯಾರಿಗೂ ಏಟಾಗಿಲ್ಲ. ಅಧಿಕಾರಿ ಎದುರು ನಿಂತು, ಪ್ರಮಾಣ ಮಾಡಿ, ನಾಲ್ಕು ಮಾತು ಹೇಳಿದ್ರೆ ಆಯ್ತು. ನೀವು ಹೋದ್ರೆ ಇಲ್ಲಿಗೆ ಯಾರು ಬರ್ತಾರೆ? ನನ್ನ ಮುಖ ನೋಡ್ಕೊಂಡು ಬರ್ತಾರಾ?"

ಅದೂ ನಿಜವೇ. ಅವನ ಮುಖಕ್ಕೆ ಯಾರೂ ಬರುತ್ತಿರಲಿಲ್ಲ.

ಮೇಷ್ಟ್ರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗೋಡೆಯ ಮೇಲಿನ ಅಕ್ಷರಗಳನ್ನು ಕೋಲಿನಿಂದ ತೋರಿಸಿ, ಇದೇನು, ಇದೇನು ಎಂದು ಕೇಳುವುದು ಅವಳ ಕೆಲಸ. ಅದೇ ಚಾಳಿ ಮನೆಯಲ್ಲೂ. ಸಂಜೆ ಊಟದ ಮೇಜಿನ ಮೇಲೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿದಳು. ದೀಪ ಹತ್ತದಿದ್ದುದನ್ನು ಮೇಷ್ಟ್ರು ಅವಳಿಗೆ ಹೇಳಿರಲಿಲ್ಲ. ಅವಳು ಕಂಡದ್ದು ಬೇರೆಯೇ.

"ಏನ್ರೀ ಇದು, ಪಟ್ಟೆ ಮೇಲೆ?"

"ಯಾವುದೋ ಕಸ."

"ಕಸ ಅಲ್ಲ, ಚಪ್ಪಲಿ. ಒಂಟಿ ಚಪ್ಪಲಿ." ಉಗುರಿನಿಂದ ಮೊದಲನೆಯ ಫೋಟೋ ಮುಟ್ಟಿದಳು. "ಇದರಲ್ಲಿ ಇಲ್ಲ." ಎರಡನೆಯದನ್ನು ಮುಟ್ಟಿದಳು. "ಇದರಲ್ಲಿ ಇದೆ."

ಮೇಷ್ಟ್ರು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೂ ಅವರಿಗೂ ಆಗ ವ್ಯತ್ಯಾಸ ಇರಲಿಲ್ಲ.

"ಒಬ್ಬ ಮುದುಕ ದಾಟ್ತಾ ಇದ್ದ," ಎಂದರು ಕೊನೆಗೆ. "ಹಿಂದಕ್ಕೆ ಹಾರ್ಕೊಂಡ. ಏನೂ ಆಗ್ಲಿಲ್ಲ. ಬೈತಾ ಇದ್ದ, ಕನ್ನಡೀಲಿ ನೋಡ್ದೆ. ಬೈಯೋಕಾಗುತ್ತೆ ಅಂದ್ರೆ ಚೆನ್ನಾಗಿದ್ದಾನೆ ಅಂತ್ಲೇ ಅಲ್ವಾ?"

"ನನಗೆ ಹೇಳ್ಲೇ ಇಲ್ಲ ನೀವು."

"ಏನೂ ಆಗ್ಲಿಲ್ಲ ಅಂದ್ಮೇಲೆ ಹೇಳೋದೇನೇ?"

ಅವಳು ಫೋಟೋಗಳನ್ನು ಮಗುಚಿ ಹಾಕಿದಳು. ಸಿಟ್ಟು ಬಂದಾಗ ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಬ್ರೇಕ್ ಒತ್ತಿದ್ರಾ?"

"ಒತ್ತಿದೆ."

"ಗಟ್ಟಿಯಾಗಿ?"

"ನನ್ನಲ್ಲಿದ್ದ ಬಲ ಎಲ್ಲ ಹಾಕಿ ಒತ್ತಿದೆ ಕಣೇ!"

ಇದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಒತ್ತಿದ್ದರು. ಮುದುಕನ ಕೈಚೀಲ, ತೆರೆದ ಬಾಯಿ ಕಂಡು ಜೀವ ಬಾಯಿಗೆ ಬಂದು ಒತ್ತಿದ್ದರು. ಒಂದು ಸಂಗತಿಯನ್ನು ಮಾತ್ರ ಅವರು ಮೆಕ್ಯಾನಿಕ್ಕಿಗೂ ಹೇಳಿರಲಿಲ್ಲ, ತಮಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಒತ್ತಿದಷ್ಟೂ ಕಾರು ಜೋರಾಗಿ ಓಡಿತ್ತು.

ಮಾರನೆಯ ದಿನದ ಮೊದಲ ಪಾಠ ಟೈಲರಮ್ಮನದು. ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವ ಹೆಂಗಸು. ಬಟ್ಟೆಯ ಗಂಟುಗಳನ್ನು ಸಾಗಿಸಲು ಒಂದು ಹಳೆಯ ವ್ಯಾನು ನೋಡಿಟ್ಟಿದ್ದಳು, ಲೈಸೆನ್ಸ್ ಸಿಕ್ಕಿದರೆ ಸಾಕಿತ್ತು. ಅವಳನ್ನು ದಾರಿಗೆ ತರಲು ಮೇಷ್ಟ್ರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳ ಬಲಗಾಲಿಗೆ ಗೊತ್ತಿದ್ದುದು ಹೊಲಿಗೆ ಮಿಷನ್ನಿನ ಪೆಡಲೊಂದೇ. ಒತ್ತಿ ಬಿಡು, ಒತ್ತಿ ಬಿಡು. ಕಾರು ನಾಯಿಕೆಮ್ಮು ಬಂದವರ ಹಾಗೆ ಜಗ್ಗಿ ಜಗ್ಗಿ ಹೋಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ, ಅಮ್ಮಾ ತಾಯಿ, ನಿನಗೆ ಇದು ಆಗಿಬರಲ್ಲ ಎಂದು ಕೈ ಮುಗಿಯುತ್ತಿದ್ದರು. ಮೇಷ್ಟ್ರು ಅವಳ ಚಪ್ಪಲಿ ಬಿಡಿಸಿ, ಬರಿಗಾಲಲ್ಲಿ ಕೂರಿಸಿ, ವಾರಗಟ್ಟಲೆ ಒಂದೇ ಮಾತು ಹೇಳಿದರು: "ಕಾಲಿಗೆ ಕಿವಿ ಇಲ್ಲಮ್ಮಾ. ತಲೆ ಹೇಳಿದ್ದು ಅದಕ್ಕೆ ಕೇಳ್ಸಲ್ಲ. ನಿನ್ನೆ ಏನು ಮಾಡಿತ್ತೋ ಇವತ್ತೂ ಅದನ್ನೇ ಮಾಡುತ್ತೆ. ಹಾಗಾಗಿ ದಿನಾ ಮಾಡಿಸಿ."

ಈಗ ಅವಳು ಚೆನ್ನಾಗಿ ಓಡಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು. ಸಿಗ್ನಲ್ಲಿನಲ್ಲಿ ಮೆತ್ತಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಏನೋ ನೆನಪಾಗಿ ತಾನೇ ನಕ್ಕಳು.

"ಒಂದು ತಮಾಷೆ ಗೊತ್ತಾ ಮೇಷ್ಟ್ರೇ? ಈಗ ಮನೇಲಿ ಮಿಷನ್ ಮುಂದೆ ಕೂತ್ರೆ ಕಾಲು ಬ್ರೇಕ್ ಹುಡುಕುತ್ತೆ. ಹೊಲಿಗೆ ನಿಲ್ಸೋಕೆ ಪೆಡಲ್ ಬಿಡ್ಬೇಕು, ನಾನು ಗಟ್ಟಿಯಾಗಿ ಒತ್ತಿಬಿಡ್ತೀನಿ. ನಿನ್ನೆ ಒಂದು ತೋಳು ಪೂರ್ತಿ ಹೊಲಿದು ಮುಚ್ಚಿಹೋಯ್ತು. ಇಲ್ಲಿ ಕಲಿತದ್ದು ಅಲ್ಲಿ ಕೆಡಿಸುತ್ತೆ ನೋಡಿ."

ಮೇಷ್ಟ್ರೂ ನಗಲು ಹೋದರು. ಹೋದವರು ತಲೆ ಬಗ್ಗಿಸಿ ತಮ್ಮ ಕಾಲ ಕೆಳಗೆ ನೋಡಿದರು. ಎರಡು ಪೆಡಲು. ಬಲತುದಿಯದು ಬ್ರೇಕು, ಅದರ ರಬ್ಬರು ಅವರ ಪಾದಕ್ಕೆ ಸವೆದು ನುಣ್ಣಗಾಗಿತ್ತು. ಆಮೇಲೆ ಟೈಲರಮ್ಮನ ಕಾಲ ಕಡೆ ನೋಡಿದರು. ಮೂರು ಪೆಡಲು. ಬಲತುದಿಯದು ಬ್ರೇಕಲ್ಲ.

"ಹಸಿರು ಬಂತು ಮೇಷ್ಟ್ರೇ, ಹೋಗ್ಲಾ?" ಎಂದಳು.

"ಹೋಗಿ," ಎಂದರು. ತಮ್ಮ ದನಿ ಅವರಿಗೇ ಗುರುತು ಸಿಗಲಿಲ್ಲ.

ಆ ದಿನ ಮಿಕ್ಕ ಪಾಠಗಳನ್ನು ಅವರು ಹೇಗೆ ಮುಗಿಸಿದರೋ ಅವರಿಗೇ ಗೊತ್ತಿಲ್ಲ. ಮನೆಗೆ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದು, ಹೆಂಡತಿಗೆ ಎಲ್ಲ ಹೇಳಿದರು. ಬ್ರೇಕು ಅಂತ ಆಕ್ಸಿಲರೇಟರ್ ಒತ್ತಿದೆ. ಯಾರನ್ನೋ ಉಳಿಸಬೇಕು ಅಂತ ಒತ್ತಿದೆ. ಹತ್ತು ವರ್ಷದ ಹುಡುಗನಿಗೂ ಗೊತ್ತಿರುವುದು ನನ್ನ ಕಾಲಿಗೆ ಗೊತ್ತಾಗಲಿಲ್ಲ. ಊರಿಗೆಲ್ಲ ಕಾರು ಕಲಿಸಿದವನಿಗೆ ಕಾರು ಓಡಿಸಲು ಬರುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಅವಳು ಬಗ್ಗಿ ಅವರ ಬೂಟಿನ ಲೇಸು ಬಿಚ್ಚಿದಳು. ಆಮೇಲೆ, "ಒಂದೇ ಸಲ ತಪ್ಪಿರಬಹುದು," ಎಂದಳು. ಗಂಡನ ಮುಖ ನೋಡಲಾರದೆ ಹೇಳಿದ ಮಾತು. ಮೇಷ್ಟ್ರು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡರು, ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

"ಹೌದು. ಒಂದೇ ಸಲ. ಅವತ್ತು ತಲೆಯಲ್ಲಿ ಏನೇನೋ ಇತ್ತು. ಅಂಗಳದಲ್ಲಿ ಒಂದ್ಸಲ ಓಡಿಸಿ ನೋಡ್ತೀನಿ. ಕಾಲು ಮಾತು ಕೇಳಿದ್ರೆ ತಕರಾರಿಗೆ ಸೈನ್ ಹಾಕ್ತೀನಿ. ಬಲ್ಬಿನ ಸುಳ್ಳು ನನ್ನ ತಲೆ ಮೇಲಿರಲಿ, ಒಂದು ಸುಳ್ಳಿಗೆ ಯಾರೂ ಸಾಯಲ್ಲ. ಕೇಳದಿದ್ರೆ..."

"ಕೇಳದಿದ್ರೆ?"

"ಕೇಳುತ್ತೆ ಬಿಡೇ."

ತಕರಾರು ಹಾಕಲು ಕೊನೆಯ ದಿನದ ಹಿಂದಿನ ದಿನ ಬೆಳಿಗ್ಗೆ ಸ್ಕೂಲಿಗೆ ರಜೆ. ಅಭ್ಯಾಸದ ಅಂಗಳ ಮುಚ್ಚಿದ ಉಗ್ರಾಣವೊಂದರ ಹಿಂದಿತ್ತು: ಮರಳು ತುಂಬಿದ ಡ್ರಮ್ಮುಗಳು, ಅರ್ಧ ಹೂತ ಟೈರುಗಳು, ಸುಣ್ಣದಲ್ಲಿ ಎಳೆದ ಎಂಟರ ಆಕಾರ, ಮೂಲೆಗೆ ತಗಡಿನ ಶೆಡ್ಡು. ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ಅಭ್ಯಾಸವಾಗಲಿ ಎಂದು ಟೈಲರಮ್ಮನೂ ಬಂದಿದ್ದಳು. ಮೇಷ್ಟ್ರು ಅವಳಿಗೆ ವಿಷಯ ಮುಚ್ಚಿಡಲಿಲ್ಲ. ಕೇಳಿ ಅವಳ ಮುಖ ಸಣ್ಣದಾಯಿತು. ಅವತ್ತು ಸಿಗ್ನಲ್ಲಿನಲ್ಲಿ ತಾನು ಹೇಳಿ ನಕ್ಕಿದ್ದನ್ನು ನೆನೆದು ನಾಲಿಗೆ ಕಚ್ಚಿಕೊಂಡಳು.

"ನೀವು ನನ್ನ ಸೀಟಲ್ಲಿ ಕೂತ್ಕೊಳ್ಳಿ," ಎಂದರು ಮೇಷ್ಟ್ರು. "ಏನೂ ಮಾಡ್ಬೇಡಿ. ಸುಮ್ನೆ ಕೂತಿರಿ."

"ಕಾಲು ಎಲ್ಲಿ ಇಡ್ಲಿ?"

"ಪೆಡಲ್ ಹತ್ರ ಇಟ್ಕೊಳ್ಳಿ, ಮುಟ್ಬೇಡಿ. ನಾನು ಯಾವಾಗ್ಲೂ ಹಾಗೇ ಇಡೋದು."

ಹೆಂಡತಿ ಕೆಂಪು ಟವೆಲ್ಲು ಹಿಡಿದು ಡ್ರಮ್ಮುಗಳ ಹಿಂದೆ, ದಾರಿಗೆ ಅಡ್ಡವಾಗದ ಹಾಗೆ ನಿಂತಳು. ಅವಳು ಟವೆಲ್ಲು ಎತ್ತಿದರೆ ಸಿಗ್ನಲ್ಲು ಕೆಂಪಾದಂತೆ. ಮೇಷ್ಟ್ರು ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ತಿರುಗಿಸಿದರು, ಬೆಲ್ಟು ಹಾಕಿದರು, ತಾವೇ ಕಲಿಸಿದ ಕ್ರಮದಲ್ಲಿ ಒಂದೊಂದನ್ನೂ ಮಾಡಿದರು. ಕಾರು ಹೊರಟಿತು. ಟವೆಲ್ಲು ಮೇಲಕ್ಕೆ ಹೋಯಿತು. ಬಲಗಾಲು ಎದ್ದು, ನಡುವಿನ ಪೆಡಲಿಗೆ ಸರಿದು, ಒತ್ತಿತು. ಕಾರು ನಿಂತಿತು.

ಮತ್ತೆ ಮಾಡಿದರು. ಮತ್ತೆ ನಿಂತಿತು. ವೇಗ ಹೆಚ್ಚಿಸಿ ಮಾಡಿದರು, ಹೆಂಡತಿಗೆ ಹೇಳದೆ ತಿರುವು ಬದಲಿಸಿ ಮಾಡಿದರು, ಅವಳು ಬೇಕೆಂದೇ ತಡಮಾಡಿ, ಕೊನೆಯ ಗಳಿಗೆಯಲ್ಲಿ ಟವೆಲ್ಲು ಎತ್ತಿದಾಗಲೂ ಮಾಡಿದರು. ಒಂದು ಸಲವೂ ತಪ್ಪಲಿಲ್ಲ. ಮೇಷ್ಟ್ರ ಹಣೆಯ ಗಂಟು ಬಿಚ್ಚುತ್ತ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಮದುವೆಯಾದ ಹೊಸತರಲ್ಲಿ ಕೂಗುತ್ತಿದ್ದ ಹಾಗೆ ಕೂಗಿದರು.

"ಕಾಲು ನಂದೇ ಕಣೇ!"

"ಸಾಕು ಬನ್ನಿ, ನನ್ನ ಕೈ ಬಿದ್ದುಹೋಯ್ತು!" ಎಂದು ಅವಳೂ ಕೂಗಿದಳು. ನಗುತ್ತಿದ್ದಳು. ನೋಟೀಸು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಟವೆಲ್ಲು ಮಡಚಿ ಹೆಗಲ ಮೇಲೆ ಹಾಕಿಕೊಂಡಳು.

"ನಂಗೊತ್ತಿತ್ತು ಮೇಷ್ಟ್ರೇ," ಎಂದಳು ಟೈಲರಮ್ಮ.

ಮೇಷ್ಟ್ರು ಮನಸ್ಸಿನಲ್ಲೇ ಸೈನು ಹಾಕಿ ಮುಗಿಸಿದ್ದರು. ಅಧಿಕಾರಿಯ ಎದುರು ಹೇಳುವ ಮಾತು ಕೂಡ ಹೊಂದಿಸತೊಡಗಿದರು. ಪೈಪಿನಲ್ಲಿ ಗಾಳಿ, ಬಲ್ಬು ಸುಟ್ಟಿತ್ತು, ನಾನು ಇಷ್ಟು ವರ್ಷ ಒಂದು ಗೀರೂ ಆಗದ ಹಾಗೆ ಕಲಿಸಿದವನು. ಕಾರನ್ನು ಶೆಡ್ಡಿನ ಕಡೆ ತಿರುಗಿಸಿದರು, ಒಳಗೆ ನಿಲ್ಲಿಸಿ ಬೀಗ ಹಾಕಿದರೆ ಆಯಿತು. ಎಷ್ಟೋ ದಿನಗಳ ಮೇಲೆ ಹಸಿವಾಗಿತ್ತು.

ಅಷ್ಟರಲ್ಲಿ ಶೆಡ್ಡಿನ ಮರೆಯಿಂದ ಮೈದುನ ಹೊರಬಂದ. ಒಂದು ಕೈಯಲ್ಲಿ ತಕರಾರಿನ ಕಾಗದ, ಇನ್ನೊಂದರಲ್ಲಿ ಪೆನ್ನು. ಕಾಗದ ಎತ್ತಿ ಹಿಡಿದು, "ಭಾವ, ಸೈನ್..." ಎನ್ನುತ್ತ ನೇರ ಕಾರಿನೆದುರಿಗೇ ಬಂದ.

ಮೇಷ್ಟ್ರ ಬಲಗಾಲು ಕೆಲಸಕ್ಕೆ ಎದ್ದಿತು. ತಲೆಯನ್ನು ಒಂದು ಮಾತು ಕೇಳಲಿಲ್ಲ. ಬಲತುದಿಯ ಪೆಡಲನ್ನು ತನ್ನ ಜೀವಮಾನದ ನಿಷ್ಠೆಯೆಲ್ಲ ಸೇರಿಸಿ ಒತ್ತಿತು. ಕಾರು ಅಬ್ಬರಿಸಿ ಮುಂದಕ್ಕೆ ಹಾರಿತು. ಮೇಷ್ಟ್ರು ಇನ್ನೂ ಗಟ್ಟಿಯಾಗಿ ಒತ್ತಿದರು. ಹೆಂಡತಿ ಎಲ್ಲೋ ಕಿರುಚಿದ್ದು ಕೇಳಿಸಿತು. ಮೈದುನನ ಮುಖ ಗಾಜಿನ ತುಂಬ ಆಯಿತು.

ಕಾರು ನಿಂತಿತು. ಇಬ್ಬರ ಎದೆಯೂ ಮುಂದಕ್ಕೆ ಹೋಗಿ ಬೆಲ್ಟಿಗೆ ಬಡಿಯಿತು. ಇಂಜಿನ್ನು ಒಮ್ಮೆ ನಡುಗಿ ಸತ್ತಿತು.

ಮೈದುನ ಶೆಡ್ಡಿನ ತಗಡಿಗೆ ಬೆನ್ನು ಹಚ್ಚಿ ನಿಂತಿದ್ದ. ಅವನಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗವಿತ್ತು. ಕಾಗದ ಕೈಯಿಂದ ಹಾರಿ ಬಾನೆಟ್ಟಿನ ಮೇಲೆ ಬಿದ್ದಿತ್ತು. ಅವನ ಒಂದು ಚಪ್ಪಲಿ ಕಾರಿನಡಿ ಹೋಗಿತ್ತು. ಅವನು ಬರಿಗಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ನಿಂತಿದ್ದ.

ಮೇಷ್ಟ್ರು ತಮ್ಮ ಬಲಗಾಲನ್ನು ನೋಡಿದರು. ಅದು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿಕೊಂಡೇ ಇತ್ತು. ಆಮೇಲೆ ಪಕ್ಕಕ್ಕೆ ನೋಡಿದರು. ಟೈಲರಮ್ಮ ಎರಡೂ ಕೈಯಲ್ಲಿ ಸೀಟು ಹಿಡಿದು, ಕಣ್ಣು ಮುಚ್ಚಿ, ಬಲಗಾಲನ್ನು ಬಿಗಿಯಾಗಿ ಚಾಚಿದ್ದಳು. ಮೇಷ್ಟ್ರ ಪಾದಕ್ಕೆ ಸವೆದ ಆ ನುಣುಪು ರಬ್ಬರಿನ ಮೇಲೆ ಅವಳ ಪಾದವಿತ್ತು.

"ಮೇಷ್ಟ್ರೇ," ಎಂದಳು ಕಣ್ಣು ತೆರೆಯದೆ, "ಕಾಲು ತೆಗೀಲಾ?"

"ಮೊದಲು ಹ್ಯಾಂಡ್‌ಬ್ರೇಕ್ ಎಳೀರಿ," ಎಂದರು ಮೇಷ್ಟ್ರು. ಅಷ್ಟು ಪಾಠ ಅವರಲ್ಲಿ ಉಳಿದಿತ್ತು.

ಹೆಂಡತಿ ಓಡಿಬಂದು ಮೊದಲು ತಮ್ಮನ ಮೈ ಮುಟ್ಟಿ ನೋಡಿದಳು. ಕೈ, ಮೊಣಕಾಲು, ಪಾದ, ಎಲ್ಲ ತಡವಿದಳು. ಏನೂ ಆಗಿರಲಿಲ್ಲ. ಆಮೇಲೆ ತಿರುಗಿ ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಹೆದರಿಕೆ ಇತ್ತು, ಅದೂ ಅವರನ್ನು ಕಂಡ ಹೆದರಿಕೆ. ಇಷ್ಟು ವರ್ಷದ ಸಂಸಾರದಲ್ಲಿ ಮೇಷ್ಟ್ರು ಅದನ್ನು ನೋಡಿರಲಿಲ್ಲ.

ಮೈದುನ ಬರಿಗಾಲನ್ನು ಮೆಲ್ಲಗೆ ಕೆಳಗಿಟ್ಟ. "ತಪ್ಪು ನಂದೇ ಭಾವ," ಎಂದ. ಕಣ್ಣಲ್ಲಿ ನೀರಾಡುತ್ತಿತ್ತು. "ನಾನೇ ಅಡ್ಡ ಬಂದೆ. ಹಾಗೆಲ್ಲ ಅಡ್ಡ ಬರಬಾರದಿತ್ತು. ಇಲ್ಲಿ ನಡೆದದ್ದು ನಮ್ಮ ನಾಲ್ಕು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಇನ್ಮೇಲೆ ನೀವು ಓಡ್ಸೋದೇ ಬೇಡ, ಪಕ್ಕದಲ್ಲಿ ಕೂತು ಕಲಿಸಿದ್ರೆ ಸಾಕು. ಅಲ್ಲಿ ಕಾಲು ಸರಿಯಾಗೇ ಇದೆಯಲ್ಲ. ಸೈನ್ ಹಾಕಿ."

ಬಾನೆಟ್ಟಿನ ಮೇಲಿಂದ ಕಾಗದ ಎತ್ತಿಕೊಂಡು, ಧೂಳು ಒರೆಸಿ, ಮತ್ತೆ ಚಾಚಿದ. ಪಾಪ, ಅವನ ಮಾತೂ ತಪ್ಪಲ್ಲ. ಪಕ್ಕದ ಸೀಟಿನಲ್ಲಿ ಆ ಕಾಲಿನಷ್ಟು ನಂಬಿಕಸ್ಥ ಕಾಲು ಊರಲ್ಲಿ ಇನ್ನೊಂದಿರಲಿಲ್ಲ. ಮೇಷ್ಟ್ರು ಕಾಗದ ನೋಡಿದರು, ಹೆಂಡತಿಯನ್ನು ನೋಡಿದರು. ಅವಳು ಹಾಕಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕಾರಿನಡಿ ಬಗ್ಗಿ ತಮ್ಮನ ಚಪ್ಪಲಿಯನ್ನು ಹೊರಗೆಳೆಯುತ್ತಿದ್ದಳು. ಎಳೆದು, ಕೈಯಲ್ಲಿ ಹಿಡಿದುಕೊಂಡು ನಿಂತಳು, ಕೆಳಗಿಡಲಿಲ್ಲ.

"ಅಡ್ಡ ಬರೋರಿಗೋಸ್ಕರವೇ ಅಲ್ವೇನೋ ಬ್ರೇಕ್ ಇರೋದು," ಎಂದರು ಮೇಷ್ಟ್ರು.

ಮೇಷ್ಟ್ರು ಇಳಿದು ಕಾರಿನ ಕೀಲಿಯನ್ನು ಮೈದುನನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು.

"ನಾಡಿದ್ದು ಪರೀಕ್ಷೆಗೆ ನನ್ನ ಪಕ್ಕ ಯಾರು ಕೂತ್ಕೋತಾರೆ ಮೇಷ್ಟ್ರೇ?" ಎಂದಳು ಟೈಲರಮ್ಮ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅವಳಿಗೆ ಅನಿಸಿತು.

"ಮಾಲೀಕರು ಕೂತ್ಕೋತಾರೆ. ನಿಮಗೆ ಯಾರೂ ಬೇಕಾಗಿಲ್ಲ. ಈಗ ತಾನೇ ಪಾಸಾದ್ರಲ್ಲ."

ಮಾರನೆಯ ದಿನ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಸಂಚಾರ ಕಚೇರಿಗೆ ಹೋದರು. ಅಲ್ಲಿ ಎರಡು ಸಾಲು. ತಕರಾರಿನವರ ಸಾಲು ಉದ್ದ, ಅಲ್ಲಿ ಮಾತು, ಜಗಳ, ನಗು ಎಲ್ಲ ಇತ್ತು. ತಪ್ಪೊಪ್ಪಿಕೊಳ್ಳುವವರ ಸಾಲಿನಲ್ಲಿ ಮೇಷ್ಟ್ರ ಮುಂದೆ ಒಬ್ಬನೇ ಇದ್ದ. ಕಿಟಕಿಯ ಹಿಂದಿದ್ದ ಗುಮಾಸ್ತೆ ತಲೆಯೆತ್ತಿದವಳು ಕಣ್ಣರಳಿಸಿದಳು.

"ಬ್ರೇಕ್ ಮೇಷ್ಟ್ರು! ನನಗೆ ನೀವೇ ಅಲ್ವಾ ಕಲಿಸಿದ್ದು? ಎಂಟು ಹಾಕುವಾಗ ಡ್ರಮ್ಮಿಗೆ ಗುದ್ದುತ್ತಿದ್ನಲ್ಲ, ನಾನೇ." ನೋಟೀಸು ಓದಿ ದನಿ ತಗ್ಗಿಸಿದಳು. "ಅಯ್ಯೋ, ತಪ್ಪು ಸಾಲಿಗೆ ಬಂದಿದ್ದೀರ. ಒಪ್ಕೊಂಡ್ರೆ ನಿಮ್ಮ ಪರ್ಮಿಟ್ ಹೋಗುತ್ತೆ ಮೇಷ್ಟ್ರೇ. ಆ ಕಡೆ ಹೋಗಿ, ಬ್ರೇಕ್ ಕೆಟ್ಟಿತ್ತು ಅಂತ ಹೇಳಿ. ನಿಮ್ಮ ಮಾತನ್ನ ಯಾರು ನಂಬಲ್ಲ?"

"ಬ್ರೇಕ್ ಚೆನ್ನಾಗಿತ್ತಮ್ಮಾ," ಎಂದರು ಮೇಷ್ಟ್ರು.

ಅವಳು ಇನ್ನೊಂದು ಸಲ ಕೇಳಿದಳು, ಮೇಷ್ಟ್ರು ಇನ್ನೊಂದು ಸಲ ಹೇಳಿದರು. ಮುದ್ರೆ ಬಿತ್ತು. ಜೇಬಿನಿಂದ ಪರ್ಮಿಟ್ಟು ತೆಗೆದು ಕಿಟಕಿಯೊಳಗೆ ಸರಿಸಿದರು. ಅದರಲ್ಲಿದ್ದ ಫೋಟೋದಲ್ಲಿ ಅವರ ತಲೆ ಕಪ್ಪಗಿತ್ತು. ಗುಮಾಸ್ತೆ ಅದರ ಮೂಲೆ ಕತ್ತರಿಸಿ ಡಬ್ಬಕ್ಕೆ ಹಾಕಿದಳು. ಆಮೇಲೆ ಮುಂದಿನವರನ್ನು ಕರೆದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಮುಂದೆಯೇ ಜಾಗ ಸಿಕ್ಕಿತು. ಮೇಷ್ಟ್ರು ಬಲಗಾಲನ್ನು ಸೀಟಿನಡಿ ಹಿಂದಕ್ಕೆ ಮಡಚಿ, ಎಡಗಾಲನ್ನು ಅದರ ಮೇಲೆ ಹೇರಿ ಕೂತರು. ಮೊದಲ ಸಿಗ್ನಲ್ಲು ಬಂತು. ಕಾಲು ಎಡಗಾಲನ್ನು ತಳ್ಳಿ ಹೊರಗೆ ಬಂದು ನೆಲ ಒತ್ತಿತು. ಮೇಷ್ಟ್ರು ಅದನ್ನು ಮತ್ತೆ ಹಿಂದಕ್ಕೆ ಎಳೆದುಕೊಂಡರು. ಮುಂದಿನ ಸಿಗ್ನಲ್ಲಿಗೆ ಮತ್ತೆ ಬಂತು. ಬೇರೆ ದಿನವಾಗಿದ್ದರೆ ಹೆಂಡತಿ ತೊಡೆಗೆ ಚಿವುಟುತ್ತಿದ್ದಳು, ಅಕ್ಕಪಕ್ಕದವರಿಗೆ ಕೇಳುವ ಹಾಗೆ ಏನಾದರೂ ಅನ್ನುತ್ತಿದ್ದಳು. ಈಗ ಅವಳು ಗಂಡ ತನ್ನ ಕಾಲಿನ ಜೊತೆ ಗುದ್ದಾಡುವುದನ್ನು ನೋಡುತ್ತ ಕೂತಿದ್ದಳು. ಆಮೇಲೆ ಅವರ ಮೊಣಕಾಲ ಮೇಲೆ ಕೈಯಿಟ್ಟಳು.

"ಬಿಡಿ ರೀ, ಒತ್ತಿಕೊಳ್ಳಲಿ," ಎಂದಳು ಮೆತ್ತಗೆ. "ಇಲ್ಲಿ ಯಾವ ಪೆಡಲೂ ಇಲ್ಲ."

ಅವಳು ಸಮಾಧಾನಕ್ಕೆ ಹೇಳಿದ ಮಾತು ಅದು. ಮೇಷ್ಟ್ರು ಮನೆ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.